ಹಳೆಯ ಪೋರ್ಷೆ 911ಕ್ಕೆ ಹೊಸ ಅಡಾಪ್ಟಿವ್ ಸಸ್ಪೆನ್ಷನ್ ಆರಿಸುವ ಮುನ್ನ

ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಸಸ್ಪೆನ್ಷನ್ ಹಾಕಿಸಿಕೊಂಡು ಬಂದವರೆಲ್ಲ ಹೇಳುವ ಮಾತು ಒಂದೇ: "ಕಾರೇ ಬದಲಾಗಿಹೋಯಿತು." ಬದಲಾಗದೆ ಇರುತ್ತದೆಯೇ? ಹದಿನೆಂಟು ವರ್ಷ ದುಡಿದು ಸತ್ವ ಕಳೆದುಕೊಂಡ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ತೆಗೆದು ಅತಿ ಅಗ್ಗದ್ದನ್ನು ಹಾಕಿದರೂ ಕಾರು ಬದಲಾಗುತ್ತದೆ. ಹಾಗಾಗಿ ಹೊಸ ಸಸ್ಪೆನ್ಷನ್ ನಿನ್ನೆಯ ಕಾರಿಗಿಂತ ಚೆನ್ನಾಗಿದೆಯೇ ಎಂದು ಕೇಳಿ ಪ್ರಯೋಜನವಿಲ್ಲ. ಅದೇ ಕಾರು ಹೊಸದಾಗಿ ಕಾರ್ಖಾನೆಯಿಂದ ಹೊರಬಂದ ದಿನ ಇದ್ದುದಕ್ಕಿಂತ ಚೆನ್ನಾಗಿದೆಯೇ ಎಂದು ಕೇಳಬೇಕು. ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳದೆ ನಾನು ಒಂದು ಸಲ ಹಣ ಕಳೆದುಕೊಂಡಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಉದಾಹರಣೆಗೆ ನನಗೆ ಚೆನ್ನಾಗಿ ಗೊತ್ತಿರುವ ಕಾರನ್ನೇ ಇಟ್ಟುಕೊಳ್ಳುತ್ತೇನೆ. ಅದು ಪೋರ್ಷೆ 911ರ 997 ಪೀಳಿಗೆ. 2004ರಲ್ಲಿ ಬಂದು 2012ರವರೆಗೆ ತಯಾರಾದ ಈ ಕಾರಿನೊಂದಿಗೇ 911ರಲ್ಲಿ 'ಪಾಸ್ಮ್' ಎಂಬ ಅಡಾಪ್ಟಿವ್, ಅಂದರೆ ರಸ್ತೆಗೆ ತಕ್ಕಂತೆ ತಾನೇ ಬಿಗಿತ ಬದಲಿಸಿಕೊಳ್ಳುವ ಸಸ್ಪೆನ್ಷನ್ ವ್ಯವಸ್ಥೆ ಮೊದಲ ಬಾರಿ ಬಂತು. ಕರೇರಾ ಎಸ್‌ಗೆ ಅದು ಮೂಲದಲ್ಲೇ ಇತ್ತು, ಸಾಮಾನ್ಯ ಕರೇರಾಕ್ಕೆ ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ಅದೇ ಕಾಲದ ಬಾಕ್ಸ್‌ಸ್ಟರ್ ಮತ್ತು ಕೇಮನ್ ಇಟ್ಟುಕೊಂಡವರಿಗೂ ಇಲ್ಲಿಯ ಬಹುಪಾಲು ಮಾತು ಅನ್ವಯಿಸುತ್ತದೆ. ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಈ ಕಾರು ಹುಟ್ಟಿದ ಟ್ಸುಫೆನ್‌ಹೌಸೆನ್ ನನ್ನ ಮನೆಯಿಂದ ಟ್ರಾಮ್ ದೂರದಲ್ಲಿದೆ. ಆದರೆ ಅದರಿಂದ ಬಿಡಿಭಾಗಗಳೇನೂ ಅಗ್ಗವಾಗಲಿಲ್ಲ.

ಮೊದಲ ಹೆಜ್ಜೆ: ಕಾರಿನಲ್ಲಿ ಈಗ ಏನಿದೆ?

ನಗೆ ಬರಬಹುದು, ಆದರೆ ಇಷ್ಟು ವರ್ಷಗಳಲ್ಲಿ ಮೂರು ನಾಲ್ಕು ಕೈ ದಾಟಿದ ಕಾರಿನ ಒಳಗೇನಿದೆ ಎಂದು ಈಗಿನ ಮಾಲೀಕರಿಗೇ ಗೊತ್ತಿರುವುದಿಲ್ಲ. 997ರ ಮುಂಭಾಗದ ಮುಚ್ಚಳದ ಒಳಮೈಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಸರ್ವಿಸ್ ಪುಸ್ತಕದಲ್ಲೂ ಅದರ ಪ್ರತಿ ಇರುತ್ತದೆ. ಅದರಲ್ಲಿ 475 ಎಂಬ ಸಂಖ್ಯೆ ಇದ್ದರೆ ಪಾಸ್ಮ್ ಇದೆ ಎಂದರ್ಥ. 030 ಎಂದಿದ್ದರೆ ಅದು ವಿದ್ಯುತ್ ಇಲ್ಲದ ಸ್ಪೋರ್ಟ್ಸ್ ಸಸ್ಪೆನ್ಷನ್, ಸಾಮಾನ್ಯ ಕಾರಿಗಿಂತ 20 ಮಿ.ಮೀ. ತಗ್ಗು. ಪಾಸ್ಮ್ ಇರುವ ಕಾರು 10 ಮಿ.ಮೀ. ತಗ್ಗು. ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. "ನಮ್ಮ ಸ್ಪ್ರಿಂಗ್ 30 ಮಿ.ಮೀ. ಇಳಿಸುತ್ತದೆ" ಎಂದು ಅಂಗಡಿಯವರು ಹೇಳಿದಾಗ, ಎಲ್ಲಿಂದ 30 ಎಂದು ಕೇಳಲು ಬೇಕಾಗುತ್ತದೆ.

ಚೀಟಿಯನ್ನು ನೋಡಿ ಸುಮ್ಮನಾಗದೆ ಕಾರನ್ನು ಎತ್ತಿಸಿ ಕೆಳಗಿನಿಂದಲೂ ನೋಡಿ. ಹಿಂದಿನ ಮಾಲೀಕರು ಸಾಮಾನ್ಯ ಡ್ಯಾಂಪರ್ ಹಾಕಿಸಿ, ಎಚ್ಚರಿಕೆ ದೀಪ ಉರಿಯದಂತೆ ಸುಳ್ಳು ಸಂಕೇತ ಕೊಡುವ ಪೆಟ್ಟಿಗೆಯೊಂದನ್ನು ವೈರಿಗೆ ಜೋಡಿಸಿರಬಹುದು. ಆಗ ಗುಂಡಿ ಒತ್ತಿದರೆ ದೀಪವೇನೋ ಹತ್ತುತ್ತದೆ, ಕೆಳಗೆ ಏನೂ ಆಗುವುದಿಲ್ಲ.

ಎರಡನೆಯ ಹೆಜ್ಜೆ: ಡ್ಯಾಂಪರಿಗೆ ಕೈ ಹಾಕುವ ಮುನ್ನ ಉಳಿದದ್ದನ್ನು ನೋಡಿ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಸ್ಪೆನ್ಷನ್ ವಿಷಯದಲ್ಲಿ ಕೆಲವೊಮ್ಮೆ ಕುಣಿಯುವವಳದ್ದೇನೂ ತಪ್ಪಿರುವುದಿಲ್ಲ, ಅವಳ ಗೆಜ್ಜೆ ಸಡಿಲವಾಗಿರುತ್ತದೆ.

ಟೈರಿನಿಂದ ಶುರು ಮಾಡಿ. ಪಕ್ಕದ ಗೋಡೆಯ ಮೇಲೆ ನಾಲ್ಕಂಕಿಯ ತಯಾರಿಕೆಯ ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಸ್ಪೋರ್ಟ್ಸ್ ಕಾರುಗಳು ವರ್ಷಕ್ಕೆ ಓಡುವುದು ಕಡಿಮೆ, ಹಾಗಾಗಿ ಟೈರು ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗುತ್ತದೆ. ಗಟ್ಟಿಯಾದ ಟೈರು ಸಣ್ಣ ಸಣ್ಣ ಕಂಪನಗಳನ್ನು ನೇರವಾಗಿ ಸೀಟಿಗೆ ತಲುಪಿಸುತ್ತದೆ, ಅದನ್ನು ನಾವು "ಡ್ಯಾಂಪರ್ ಒರಟು" ಎಂದು ತಪ್ಪಾಗಿ ಓದುತ್ತೇವೆ. ಟೈರಿನ ಗಾಳಿಯನ್ನೂ ತಣ್ಣಗಿರುವಾಗ ಅಳೆದು ನೋಡಿ.

ಆಮೇಲೆ ಬುಶ್‌ಗಳು, ಅಂದರೆ ಕೀಲುಗಳಲ್ಲಿರುವ ರಬ್ಬರಿನ ಮೆತ್ತೆಗಳು. ಈ ಕಾರುಗಳಲ್ಲಿ ಚಕ್ರವನ್ನು ಹಿಡಿದಿಡುವ ಕೆಳಗಿನ ಆರ್ಮ್‌ಗೆ ಉತ್ಸಾಹಿಗಳು ಇಟ್ಟಿರುವ ಅಡ್ಡಹೆಸರು ಶವಪೆಟ್ಟಿಗೆ. ಆಕಾರ ಹಾಗಿದೆ ಅಷ್ಟೇ, ಹೆದರಬೇಕಿಲ್ಲ. ಅದರ ರಬ್ಬರ್ ಬುಶ್ ಬಿರುಕು ಬಿಟ್ಟರೆ ಬ್ರೇಕ್ ಹಾಕಿದಾಗ ಮುಂಭಾಗ ಅಲೆದಾಡುತ್ತದೆ, ಹೆದ್ದಾರಿಯಲ್ಲಿ ಸ್ಟೀರಿಂಗ್ ಸುಮ್ಮನಿರುವುದಿಲ್ಲ. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರಿನ ಕೊಂಡಿಗಳು ಸಡಿಲವಾದರೆ ನಿಧಾನಕ್ಕೆ ಹೋಗುವಾಗ ಟಕಟಕ ಸದ್ದು. ಡ್ಯಾಂಪರಿನ ನೆತ್ತಿಯ ಮೌಂಟ್ ಹೋದರೆ ಸ್ಟೀರಿಂಗ್ ತಿರುಗಿಸಿದಾಗ ಕಿರಗುಟ್ಟುತ್ತದೆ. ಇವುಗಳಲ್ಲಿ ಯಾವುದನ್ನೂ ಜಗತ್ತಿನ ಅತಿ ದುಬಾರಿ ಡ್ಯಾಂಪರ್ ಸರಿಪಡಿಸಲಾರದು. ನನ್ನ ಅಂದಾಜಿನಲ್ಲಿ, ಸಸ್ಪೆನ್ಷನ್ ಬದಲಿಸಬೇಕೆಂದು ಹೊರಟವರಲ್ಲಿ ಅನೇಕರಿಗೆ ನಿಜವಾಗಿ ಬೇಕಾಗಿರುವುದು ಹೊಸ ಟೈರು, ಹೊಸ ಬುಶ್, ಒಂದು ಒಳ್ಳೆಯ ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಿಕೆ).

ಡ್ಯಾಂಪರನ್ನು ಪರೀಕ್ಷಿಸುವಾಗ ಮೂಲೆಯನ್ನು ಒತ್ತಿ ಬಿಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ಬಿಗಿ ಸ್ಪ್ರಿಂಗಿನ ಕಾರು ಕೈಯೊತ್ತಿಗೆ ಬಗ್ಗುವುದೇ ಕಷ್ಟ. ಪಿಸ್ಟನ್ ರಾಡ್ ಹೊರಬರುವ ಸೀಲಿನ ಸುತ್ತ ಬೆವರಿನಂತೆ ತೆಳು ಎಣ್ಣೆಯ ಪಸೆ ಇದ್ದರೆ ಅದು ಸಹಜ. ಎಣ್ಣೆ ಹರಿದು ಕೊಳವೆಯ ಉದ್ದಕ್ಕೂ ಧೂಳು ಹಿಡಿದಿದ್ದರೆ ಅದರ ಆಯುಸ್ಸು ಮುಗಿದಿದೆ. ಒಂದು ಸೋರಿದರೂ ಅದೇ ಆಕ್ಸಲ್‌ನ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಇದು ಕೆಲಸ ಮಾಡುವುದು ಹೇಗೆ

ತೊಟ್ಟಿಲನ್ನು ಒಮ್ಮೆ ತೂಗಿ ಬಿಟ್ಟರೆ ಅದು ತನ್ನದೇ ಲಯದಲ್ಲಿ ಆಡುತ್ತದೆ. ಸ್ಪ್ರಿಂಗ್ ಎಂದರೆ ಆ ತೊಟ್ಟಿಲು. ಅದನ್ನು ನಿಲ್ಲಿಸುವ ತಾಯಿಯ ಕೈ ಡ್ಯಾಂಪರ್. ಸಾಮಾನ್ಯ ಡ್ಯಾಂಪರಿನ ಕೈಬಿಗಿತ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಅಡಾಪ್ಟಿವ್ ಡ್ಯಾಂಪರಿನಲ್ಲಿ ಎಣ್ಣೆ ಹರಿಯುವ ದಾರಿಗೆ ವಿದ್ಯುತ್ತಿನಿಂದ ನಡೆಯುವ ಕವಾಟವಿರುತ್ತದೆ. ಕಾರಿನ ಮೈ ಎಷ್ಟು ವೇಗವಾಗಿ ಮೇಲೆ ಕೆಳಗೆ ಆಗುತ್ತಿದೆ, ಸ್ಟೀರಿಂಗ್ ಎಷ್ಟು ತಿರುಗಿದೆ, ಬ್ರೇಕಿನ ಒತ್ತಡ ಎಷ್ಟು ಎಂಬುದನ್ನು ನೋಡಿ ನಿಯಂತ್ರಣ ಘಟಕ ಆ ಕವಾಟವನ್ನು ತೆರೆಯುತ್ತದೆ, ಮುಚ್ಚುತ್ತದೆ. 997ರ ಪಾಸ್ಮ್‌ನಲ್ಲಿ ಎರಡು ಮೋಡ್. ನಾರ್ಮಲ್‌ನಲ್ಲಿ ಮೃದು, ಆದರೆ ಥಟ್ಟನೆ ಲೇನ್ ಬದಲಿಸಿದರೆ ತಾನೇ ಬಿಗಿಯಾಗುತ್ತದೆ. ಸ್ಪೋರ್ಟ್‌ನಲ್ಲಿ ಬಿಗಿ, ಆದರೆ ರಸ್ತೆ ಕೆಟ್ಟರೆ ಟೈರು ನೆಲ ಬಿಡದಿರಲೆಂದು ತಾನೇ ಸಡಿಲುತ್ತದೆ.

ಇನ್ನೊಂದು ಜಾತಿಯಲ್ಲಿ ಕವಾಟವೇ ಇಲ್ಲ, ಎಣ್ಣೆಯೇ ಬದಲಾಗುತ್ತದೆ. ಅತಿ ಸಣ್ಣ ಕಬ್ಬಿಣದ ಕಣಗಳು ತೇಲುವ ದ್ರವಕ್ಕೆ ಕಾಂತಕ್ಷೇತ್ರ ತಾಗಿದರೆ ಅದು ಗಟ್ಟಿಯಾಗುತ್ತದೆ. ಡೆಲ್ಫಿ ಕಂಪನಿ ಬೆಳೆಸಿದ ಈ ಮ್ಯಾಗ್ನರೈಡ್ 2002ರಲ್ಲಿ ಕ್ಯಾಡಿಲಾಕ್ ಸೆವಿಲ್‌ನಲ್ಲಿ ಮೊದಲು ಬಂತು. ಮರುವರ್ಷದ ಕಾರ್ವೆಟ್‌ಗೆ ಬಂತು, ಆಮೇಲೆ ಆಡಿ ಟಿಟಿ, ಆರ್8, ಫೆರಾರಿ 599 ಎಲ್ಲ ಅದನ್ನೇ ಪಡೆದವು. ನಿಮ್ಮ ಹಳೆಯ ಕಾರು ಈ ಸಾಲಿನದಾದರೆ ಒಂದು ಮಾತು ನೆನಪಿಡಿ: ಎರಡು ಜಾತಿಗಳನ್ನು ಅದಲು ಬದಲು ಮಾಡುವಂತಿಲ್ಲ. ಎರಡರ ವಿದ್ಯುತ್ ಬೇಡಿಕೆಯೂ ಬೇರೆ, ಸಂಕೇತವೂ ಬೇರೆ. ಪ್ಲಗ್ ಕೂಡಿಕೊಂಡ ಮಾತ್ರಕ್ಕೆ ಸಂಬಂಧ ಕೂಡಿಬರುವುದಿಲ್ಲ.

ಮೂರನೆಯ ಹೆಜ್ಜೆ: ನಾಲ್ಕು ದಾರಿಗಳಲ್ಲಿ ಒಂದು

ಮೊದಲ ದಾರಿ, ಮೂಲದಲ್ಲಿ ಇದ್ದುದನ್ನೇ ಹೊಸದಾಗಿ ಹಾಕುವುದು. ಇದನ್ನು ಯಾರೂ ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ, ಆದರೆ ಕಾರು ಬಹುಪಾಲು ರಸ್ತೆಯಲ್ಲೇ ಓಡುವುದಾದರೆ ನನ್ನ ಮತ ಇದಕ್ಕೇ. ಕಾರ್ಖಾನೆಯ ಎಂಜಿನಿಯರುಗಳು ಸ್ಪ್ರಿಂಗ್, ಡ್ಯಾಂಪರ್, ನಿಯಂತ್ರಣ ಘಟಕ ಮೂರನ್ನೂ ಒಟ್ಟಿಗೆ ಕೂರಿಸಿ ಹದ ಮಾಡಿದ್ದಾರೆ. ಬೇರೆ ಯಾವ ಸೆಟ್ಟಿಗೂ ಅಷ್ಟು ಪರೀಕ್ಷೆ ಆಗಿರುವುದಿಲ್ಲ. ಪರವಾನಗಿಯ ತಲೆನೋವೂ ಇಲ್ಲ.

ಎರಡನೆಯದು, ಕಾರ್ಖಾನೆಯ ಮಿದುಳನ್ನು ಉಳಿಸಿಕೊಂಡು ಕಾಲುಗಳನ್ನು ಮಾತ್ರ ಬದಲಿಸುವುದು. ಎನ್ನೆಪೆಟಾಲ್‌ನ ಬಿಲ್‌ಸ್ಟೈನ್ ಕಂಪನಿಯ ಡ್ಯಾಂಪ್‌ಟ್ರಾನಿಕ್ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಬಿ16 ಸೆಟ್ಟಿನಲ್ಲಿ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಸಮೇತ ಡ್ಯಾಂಪರ್ ಬರುತ್ತದೆ. ಮೂಲದ ಪ್ಲಗ್‌ಗೇ ಸೇರುತ್ತದೆ, ಡ್ಯಾಶ್‌ಬೋರ್ಡಿನ ಗುಂಡಿಯೇ ಅದನ್ನು ನಡೆಸುತ್ತದೆ. ಕಾರ್ಖಾನೆಯ ಸಂಕೇತ ಬಂದಾಗ ಹೊಸ ಸ್ಪ್ರಿಂಗಿಗೆ ಸರಿಹೊಂದುವ ಬಿಗಿತ ಬರುವಂತೆ ಕವಾಟದ ಒಳಗನ್ನು ತಯಾರಕರೇ ಬದಲಿಸಿರುತ್ತಾರೆ ಎಂಬುದು ಇದರ ಜಾಣತನ. ವಾರದ ದಿನ ಕಚೇರಿ, ಭಾನುವಾರ ಘಟ್ಟದ ರಸ್ತೆ, ವರ್ಷಕ್ಕೆ ಎರಡು ಬಾರಿ ಟ್ರ್ಯಾಕ್ ಎಂಬ ಬದುಕಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಮೂರನೆಯದು, ಮಿದುಳನ್ನೇ ಬದಲಿಸುವುದು. ಪಾಸ್ಮ್‌ನ ಮೂಲ ಘಟಕದ ಜಾಗದಲ್ಲಿ ಕೂರುವ ಡಿಎಸ್‌ಸಿ ಮಾದರಿಯ ನಿಯಂತ್ರಕಗಳಿವೆ. ತಿರುವಿನ ಬಲ, ಬ್ರೇಕ್, ಎಕ್ಸಲರೇಟರ್, ವೇಗ ಪ್ರತಿಯೊಂದಕ್ಕೂ ಎಷ್ಟೆಷ್ಟು ಬಿಗಿಯಬೇಕು ಎಂಬ ಕೋಷ್ಟಕವನ್ನು ಲ್ಯಾಪ್‌ಟಾಪ್‌ನಲ್ಲಿ ನಾವೇ ತಿದ್ದಬಹುದು. ನೆದರ್‌ಲೆಂಡ್ಸ್‌ನ ಟ್ರ್ಯಾಕ್ಟಿವ್ ಕಂಪನಿ ಇಂಥ ನಿಯಂತ್ರಕದೊಂದಿಗೆ ತನ್ನದೇ ವೇಗದ ಕವಾಟಗಳ ಡ್ಯಾಂಪರ್ ಕೊಡುತ್ತದೆ. ಫಿಖ್ಟೆನ್‌ಬೆರ್ಗ್‌ನ ಕೆಡಬ್ಲ್ಯೂ ಕಂಪನಿ ಮೊಬೈಲಿನಿಂದ ಹೊಂದಿಸಬಹುದಾದ ಡಿಡಿಸಿ ವ್ಯವಸ್ಥೆಯನ್ನು ಮಾಡಿದೆ. ಸಾಮರ್ಥ್ಯದಲ್ಲಿ ಈ ದಾರಿಯೇ ಎಲ್ಲಕ್ಕಿಂತ ಮುಂದೆ, ನಿಜ. ಆದರೆ ಕೋಷ್ಟಕ ತಿದ್ದುವ ತಾಳ್ಮೆ ಮತ್ತು ತಿದ್ದಿದ್ದನ್ನು ಅಳೆಯುವ ಜಾಗ ಎರಡೂ ಇರುವವರಿಗೆ ಮಾತ್ರ ಇದು. ಮೊಬೈಲಿನಲ್ಲಿ ಜಾರುಗುಂಡಿ ಆಡಿಸುವ ಖುಷಿ ಒಂದು ತಿಂಗಳಲ್ಲಿ ತೀರುತ್ತದೆ, ಆಮೇಲೆ ಎಲ್ಲರೂ ಒಂದೇ ಹೊಂದಿಕೆಯಲ್ಲಿ ಬಿಟ್ಟಿರುತ್ತಾರೆ. ಕಂಡಿದ್ದೇನೆ.

ನಾಲ್ಕನೆಯದು, ವಿದ್ಯುತ್ತನ್ನೇ ಕೈಬಿಟ್ಟು ಉತ್ತಮ ದರ್ಜೆಯ ಸಾಮಾನ್ಯ ಡ್ಯಾಂಪರ್ ಹಾಕುವುದು. ಸ್ವೀಡನ್ನಿನ ಓಲಿನ್ಸ್‌ನ ರಸ್ತೆ ಮತ್ತು ಟ್ರ್ಯಾಕ್ ಸರಣಿ, ಕೆಡಬ್ಲ್ಯೂನ ಮೂರನೇ ಮಾದರಿ ಈ ಸಾಲಿನವು. ಅಡಾಪ್ಟಿವ್ ಬಗ್ಗೆ ಬರೆಯುತ್ತಾ ಇದನ್ನೇಕೆ ಹೇಳುತ್ತೀರಿ ಎನ್ನಬಹುದು. ಕಾರಣವಿದೆ: ಹಳೆಯ ಕಾರಿನಲ್ಲಿ ಮುಂದಿನ ಹತ್ತು ವರ್ಷ ಕೆಟ್ಟುಹೋಗದೆ ಉಳಿಯುವುದು ಯಾವುದು ಎಂಬುದೂ ಒಂದು ಪ್ರಶ್ನೆ. ವೈರು, ಪ್ಲಗ್, ಕವಾಟ ಇಲ್ಲದ ಡ್ಯಾಂಪರನ್ನು ಬಿಚ್ಚಿ ಸೀಲ್ ಬದಲಿಸಿ ಮತ್ತೆ ಕಟ್ಟಬಹುದು. ಈ ದಾರಿ ಹಿಡಿದರೆ ಪಾಸ್ಮ್ ಎಚ್ಚರಿಕೆಯನ್ನು ಸುಮ್ಮನಾಗಿಸುವ ತಯಾರಕರದೇ ಕಿಟ್ ಕೊಳ್ಳಿ, ಬೀದಿಬದಿಯ ರೆಸಿಸ್ಟರ್ ಬೆಸುಗೆ ಬೇಡ.

ಈಗ ನಾನು ಕಳೆದುಕೊಂಡ ಹಣದ ಕಥೆ. ಈ ನಾಲ್ಕರಲ್ಲಿ ಯಾವುದೂ ಅಲ್ಲದ ಐದನೆಯ ದಾರಿಯೊಂದಿದೆ: ಹಳೆಯ ಪಾಸ್ಮ್ ಡ್ಯಾಂಪರ್ ಹಾಗೆಯೇ ಇಟ್ಟು ತಗ್ಗಿಸುವ ಸ್ಪ್ರಿಂಗ್ ಮಾತ್ರ ಹಾಕುವುದು. ಅಗ್ಗ, ಒಂದೇ ದಿನದ ಕೆಲಸ, ನಿಂತ ಕಾರು ನೋಡಲು ಚೆಂದ. ಪಟ್ಟಣದ ಹೊರಗಿನ ಒಂದು ಗ್ಯಾರೇಜಿನಲ್ಲಿ ಹಾಕಿಸಿದೆ. ಮೊದಲ ವಾರ ಹಿಗ್ಗು. ಎರಡನೆಯ ವಾರ, ಸ್ಟುಟ್‌ಗಾರ್ಟ್‌ನಿಂದ ಉಲ್ಮ್ ಕಡೆಗೆ ಎ8 ಹೆದ್ದಾರಿ ಬೆಟ್ಟ ಹತ್ತುವಲ್ಲಿ, ತಿರುವಿನ ನಡುವಿನ ಸೇತುವೆ ಕೀಲಿನ ಮೇಲೆ ಹಿಂಭಾಗ ಪಕ್ಕಕ್ಕೆ ಜಿಗಿಯಿತು. ಡ್ಯಾಂಪರಿನ ಪಯಣ ಮುಗಿದು ಬಂಪ್ ಸ್ಟಾಪ್ ಎಂಬ ಕೊನೆಯ ತಡೆಯ ಮೇಲೆ ಕೂತಿತ್ತು. ಬಂಪ್ ಸ್ಟಾಪಿನ ಮೇಲೆ ಕೂತ ಚಕ್ರಕ್ಕೆ ಕವಾಟ ಎಷ್ಟು ಜಾಣವಾಗಿದ್ದರೂ ಒಂದೇ. ಆ ಸ್ಪ್ರಿಂಗ್‌ಗಳು ಈಗ ನನ್ನ ನೆಲಮಾಳಿಗೆಯಲ್ಲಿ ಹೂಕುಂಡಕ್ಕೆ ಆಧಾರವಾಗಿವೆ.

ನಾಲ್ಕನೆಯ ಹೆಜ್ಜೆ: ಸ್ಪ್ರಿಂಗ್ ಮತ್ತು ಎತ್ತರದ ಲೆಕ್ಕ

ಮಾರಾಟಗಾರರು ಡ್ಯಾಂಪರಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಸ್ಪ್ರಿಂಗಿನ ಅಂಕಿ ಕೇಳಿದರೆ ಗಂಟಲು ಕೆರೆಯುತ್ತಾರೆ. ಕೇಳಲೇಬೇಕು. ಲೆಕ್ಕ ಸುಲಭ. ಒಂದು ಚಕ್ರದ ಮೇಲೆ ಸ್ಪ್ರಿಂಗ್ ಹೊರುವ ಭಾರ 360 ಕೆ.ಜಿ., ಚಕ್ರದ ಬಳಿ ಅಳೆದ ಬಿಗಿತ ಒಂದು ಮಿ.ಮೀ.ಗೆ 30 ನ್ಯೂಟನ್ ಎಂದುಕೊಳ್ಳಿ. ಮೀಟರಿಗೆ ಅದು 30,000 ನ್ಯೂಟನ್. ಆ 30,000ವನ್ನು 360ರಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ 1.45. ಅಂದರೆ ಕಾರಿನ ಮೈ ಸೆಕೆಂಡಿಗೆ ಸುಮಾರು ಒಂದೂವರೆ ಬಾರಿ ತೂಗುತ್ತದೆ. ಸಾಮಾನ್ಯ ಕಾರುಗಳು 1ರಿಂದ 1.5ರ ನಡುವೆ, ರಸ್ತೆಯ ಸ್ಪೋರ್ಟ್ಸ್ ಕಾರುಗಳು 1.5ರಿಂದ 2ರ ನಡುವೆ ಇರುತ್ತವೆ. ಬಿಗಿತವನ್ನು 60ಕ್ಕೆ ಏರಿಸಿದರೆ ಲೆಕ್ಕ 2.05ಕ್ಕೆ ಹೋಗುತ್ತದೆ. ಅದು ಟ್ರ್ಯಾಕ್ ಕಾರಿನ ಗಡಿ, ಬೆನ್ನುನೋವಿನವರಿಗೆ ಹೇಳಿ ಮಾಡಿಸಿದ್ದಲ್ಲ. ಡ್ಯಾಂಪರನ್ನು ಎಷ್ಟು ಮೃದು ಮಾಡಿದರೂ ಈ ಸಂಖ್ಯೆ ಬದಲಾಗುವುದಿಲ್ಲ. ಅಡಾಪ್ಟಿವ್ ಇದೆಯಲ್ಲ, ಕಂಫರ್ಟ್ ಒತ್ತಿದರಾಯಿತು ಎಂದು ಬಿಗಿ ಸ್ಪ್ರಿಂಗ್ ಆರಿಸುವವರು ಮೋಸ ಹೋಗುವುದು ಇಲ್ಲಿಯೇ.

ಎತ್ತರದ ವಿಷಯದಲ್ಲಿ ನಾನು ಹಳಬ. 997ರ ಮುಂಭಾಗದಲ್ಲಿರುವುದು ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದೇ ಕಂಬವಾಗಿ ಕೂರುವ ಮ್ಯಾಕ್‌ಫರ್ಸನ್ ಸ್ಟ್ರಟ್. ಇಂಥ ರಚನೆಯಲ್ಲಿ ಕಾರನ್ನು ಇಳಿಸಿದಷ್ಟೂ ಗುರುತ್ವಕೇಂದ್ರ ಇಳಿಯುತ್ತದೆ ನಿಜ, ಆದರೆ ಕಾರು ವಾಲುವ ಅಕ್ಷ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಾಗಿ, ತಗ್ಗಿಸಿದ ಕಾರು ಅದೇ ಸ್ಪ್ರಿಂಗಿನಲ್ಲಿ ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತದೆ. ಉಬ್ಬಿನ ಮೇಲೆ ಚಕ್ರ ತಾನೇ ಸ್ವಲ್ಪ ತಿರುಗುವ ಚಾಳಿಯೂ ಹೆಚ್ಚುತ್ತದೆ. ಪಾಸ್ಮ್ ಎತ್ತರದಿಂದ 10ರಿಂದ 15 ಮಿ.ಮೀ. ಇಳಿಸಿ, ಅಲ್ಲಿಗೆ ನಿಲ್ಲಿಸಿ.

ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟುಕೊಂಡವರಿಗೆ ಅದೂ ಬೇಡ. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬಡಾವಣೆಗಳ ಹಂಪ್‌ಗಳು ಆ ಪುಸ್ತಕ ಓದಿ ಹುಟ್ಟಿದವಲ್ಲ. ಅಲ್ಲಿ ಮೂಲ ಎತ್ತರ ಉಳಿಸಿಕೊಂಡು, ಹಣವಿದ್ದರೆ ಮುಂಭಾಗವನ್ನು ಗುಂಡಿ ಒತ್ತಿ ಸುಮಾರು 45 ಮಿ.ಮೀ. ಎತ್ತುವ ಹೈಡ್ರಾಲಿಕ್ ವ್ಯವಸ್ಥೆಗೆ ಹಾಕುವುದು ಮೇಲು. ಕೆಡಬ್ಲ್ಯೂ ಅಂಥದ್ದನ್ನು ಮಾಡುತ್ತದೆ. ತಿರುವಿನಲ್ಲಿ ಅರ್ಧ ಸೆಕೆಂಡ್ ಉಳಿಸುವುದಕ್ಕಿಂತ ಮುಂದಿನ ಬಂಪರ್ ಉಳಿಸುವುದು ದೊಡ್ಡದು.

ಐದನೆಯ ಹೆಜ್ಜೆ: ಕಾಗದ

ಜರ್ಮನಿಯಲ್ಲಿ ಇದು ತಮಾಷೆಯ ವಿಷಯವಲ್ಲ. ಬಿಡಿಭಾಗದ ಜೊತೆ ಟೈಲೆಗುಟಾಖ್ಟೆನ್ ಎಂಬ ತಾಂತ್ರಿಕ ವರದಿ ಇದ್ದರೆ, ಜೋಡಿಸಿದ ಮೇಲೆ ಟ್ಯೂಫ್‌ನಂಥ ಸಂಸ್ಥೆಯ ಪರಿಶೀಲಕರ ಬಳಿ ಒಯ್ದು ಒಪ್ಪಿಗೆ ಪಡೆಯಬೇಕು. ಅವರು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಅಳತೆ ಹಿಡಿದು, ವರದಿಯಲ್ಲಿ ಹೇಳಿದ ಮಿತಿಯೊಳಗಿದೆಯೇ ಎಂದು ನೋಡುತ್ತಾರೆ. ಒಪ್ಪಿಗೆ ಇಲ್ಲದೆ ಓಡಿಸಿದರೆ ಕಾರಿನ ರಸ್ತೆ ಅನುಮತಿಯೇ ಬಿದ್ದುಹೋಗಬಹುದು, ಅಪಘಾತವಾದರೆ ವಿಮೆಯವರ ಜೊತೆ ಜಗಳ. ಆದ್ದರಿಂದ ಹಣ ಕೊಡುವ ಮುನ್ನ ವರದಿಯ ಪ್ರತಿ ತರಿಸಿಕೊಳ್ಳಿ, ನಿಮ್ಮ ಮಾದರಿ, ನಿಮ್ಮ ಚಕ್ರದ ಅಳತೆ ಅದರಲ್ಲಿ ಇದೆಯೇ ಎಂದು ಓದಿ. ಹಿಂಚಕ್ರ ಚಾಲನೆಯ ಮತ್ತು ನಾಲ್ಕು ಚಕ್ರ ಚಾಲನೆಯ 997ಗಳ ಬಿಡಿಭಾಗ ಸಂಖ್ಯೆ ಬೇರೆ ಬೇರೆ ಎಂಬುದೂ ನೆನಪಿರಲಿ.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಕೂಡದು ಎನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಮೊದಲ ದಾರಿಯನ್ನು ನಾನು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಆರನೆಯ ಹೆಜ್ಜೆ: ಜೋಡಣೆಯ ದಿನ

ಬೆಲೆ ಕೇಳುವಾಗ ಡ್ಯಾಂಪರಿನದ್ದನ್ನು ಮಾತ್ರ ಕೇಳಬೇಡಿ. ನೆತ್ತಿಯ ಮೌಂಟ್, ಬಂಪ್ ಸ್ಟಾಪ್, ಧೂಳು ತಡೆಯುವ ತೋಳು, ಆ್ಯಂಟಿ ರೋಲ್ ಬಾರ್ ಕೊಂಡಿ, ಒಮ್ಮೆ ಬಿಚ್ಚಿದರೆ ಮರುಬಳಸಬಾರದ ನಟ್ಟುಗಳು, ಅಲೈನ್‌ಮೆಂಟ್, ಮೂಲೆ ಭಾರದ (ಒಂದೊಂದು ಚಕ್ರದ ಮೇಲೆ ಬೀಳುವ ತೂಕದ) ಹೊಂದಿಕೆ ಎಲ್ಲವನ್ನೂ ಸೇರಿಸಿ ಕೇಳಿ. ಸ್ಟ್ರಟ್ ಒಮ್ಮೆ ಹೊರಬಂದ ಮೇಲೆ ಹಳೆಯ ಮೌಂಟನ್ನೇ ಮತ್ತೆ ಹಾಕುವುದು ಕೈಯಾರೆ ಕೂಲಿಯನ್ನು ಎರಡು ಬಾರಿ ಕೊಡುವ ಏರ್ಪಾಡು.

ಮೆಕ್ಯಾನಿಕ್‌ಗೆ ಒಂದು ಪ್ರಶ್ನೆ ಹಾಕಿ: "ಆರ್ಮ್‌ಗಳ ಬೋಲ್ಟ್ ಕೊನೆಯ ಬಿಗಿ ಯಾವಾಗ ಕೊಡುತ್ತೀರಿ?" ಚಕ್ರಗಳು ನೆಲಕ್ಕೆ ತಾಗಿ, ಕಾರು ತನ್ನ ಎತ್ತರದಲ್ಲಿ ನಿಂತ ಮೇಲೆ ಎಂದರೆ ಕೀಲಿ ಕೊಡಿ. ಲಿಫ್ಟಿನ ಮೇಲೆ ಚಕ್ರ ಜೋತುಬಿದ್ದಾಗಲೇ ಬಿಗಿದರೆ ರಬ್ಬರ್ ಬುಶ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಎತ್ತರವೂ ತಪ್ಪುತ್ತದೆ. ಎತ್ತರ ಬದಲಾದರೆ ಹೆಡ್‌ಲೈಟಿನ ಸೆನ್ಸರನ್ನೂ ಅಲೈನ್‌ಮೆಂಟ್ ಆದ ಮೇಲೆ ಸ್ಟೀರಿಂಗ್ ಕೋನದ ಸೆನ್ಸರನ್ನೂ ಕಂಪ್ಯೂಟರ್ ಹಚ್ಚಿ ಮರುಹೊಂದಿಸಬೇಕು. ಮೂಲೆ ಭಾರ ಹೊಂದಿಸುವಾಗ ಚಾಲಕನ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಡಲು ಹೇಳಿ. ತೂಕ ಕಡಿಮೆ ಹೇಳಬೇಡಿ.

ಆಮೇಲಿನ ಎರಡು ವಾರ

ಜೋಡಿಸುವ ಮುನ್ನವೇ ಅರ್ಧ ಗಂಟೆಯ ಒಂದು ದಾರಿ ಗೊತ್ತುಮಾಡಿಕೊಂಡು ಹಳೆಯ ಸಸ್ಪೆನ್ಷನ್ನಿನಲ್ಲಿ ಓಡಿಸಿ ಟಿಪ್ಪಣಿ ಬರೆದಿಡಿ. ಕಲ್ಲು ಹಾಸಿದ ಬೀದಿ, ಉದ್ದ ಅಲೆಯಂಥ ಹೆದ್ದಾರಿ, ತಿರುವಿನಲ್ಲಿ ಒಂದು ಉಬ್ಬು, ಜೋರಾಗಿ ಬ್ರೇಕ್ ಹಾಕಬಹುದಾದ ಜಾಗ ಎಲ್ಲ ಇರಲಿ. ಆಮೇಲೆ ಅದೇ ದಾರಿ, ಅದೇ ಟೈರಿನ ಗಾಳಿ, ಎರಡೂ ಮೋಡ್. ಕಲ್ಲು ಬೀದಿಯಲ್ಲಿ ಒರಟೆನಿಸಿ ಹೆದ್ದಾರಿಯಲ್ಲಿ ತೇಲಿದಂತಾದರೆ, ವೇಗದ ಪೆಟ್ಟಿಗೆ ಹೆಚ್ಚು, ನಿಧಾನದ ತೂಗಾಟಕ್ಕೆ ಕಡಿಮೆ ತಡೆ ಇದೆ ಎಂದರ್ಥ. ಮೂರನೆಯ ದಾರಿಯವರು ಇದನ್ನು ಕೋಷ್ಟಕದಲ್ಲಿ ಒಂದಿಷ್ಟು ತಿದ್ದಿಕೊಳ್ಳಬಹುದು. ಉಳಿದವರು ಮೊದಲು ಗಾಳಿ ಮತ್ತು ಎತ್ತರವನ್ನು ಮತ್ತೊಮ್ಮೆ ಅಳೆಯಲಿ.

ಹೊಸ ಸ್ಪ್ರಿಂಗ್ ಕೆಲವು ಮಿ.ಮೀ. ಕುಳಿತುಕೊಳ್ಳುತ್ತದೆ. ಐನೂರು ಕಿ.ಮೀ. ಆದ ಮೇಲೆ ಎತ್ತರ ಅಳೆದು, ಬದಲಾಗಿದ್ದರೆ ಅಲೈನ್‌ಮೆಂಟ್ ಮತ್ತೆ ಮಾಡಿಸಿ. ಅದನ್ನು ಮೊದಲ ಬಿಲ್ಲಿನಲ್ಲೇ ಸೇರಿಸಿಕೊಳ್ಳುವಂತೆ ಆರಂಭದಲ್ಲೇ ಮಾತಾಡಿ. ಮತ್ತೆ, ಬಿಚ್ಚಿದ ಮೂಲ ಭಾಗಗಳನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಸೋರದೆ ಇರುವುದನ್ನು ಒರೆಸಿ, ಪ್ಲಗ್‌ಗಳಿಗೆ ಟೇಪ್ ಸುತ್ತಿ, ಯಾವ ಮೂಲೆಯದು ಎಂದು ಬರೆದು ಒಣ ಜಾಗದಲ್ಲಿ ನಿಲ್ಲಿಸಿಡಿ. ಕಾರು ಮಾರುವ ದಿನ ಕೊಳ್ಳಲು ಬಂದವರು ಮೊದಲು ಕೇಳುವುದು ಅದನ್ನೇ.